ಮೂಟೆಗೆ ಬೆಲೆ, ಮಾತಿಗೆ ಬೆಲೆ

ಚಿಕ್ಕಮಗಳೂರು ಬಳಿಯ ಮಲ್ಲಂದೂರಿನ ಸುತ್ತಮುತ್ತ ಸಂಜೆ ಹೊತ್ತು ಇಬ್ಬರು ಬೆಳೆಗಾರರು ಎದುರುಬದುರಾದರೆ ಮೊದಲು ಕೇಳುವ ಪ್ರಶ್ನೆಯಲ್ಲಿ ನಾಮಪದವೇ ಇರುವುದಿಲ್ಲ. ‘ಇವತ್ತೆಷ್ಟಂತೆ?’ ಅಷ್ಟೇ. ಏನು ಎಷ್ಟು ಎಂದು ಯಾರೂ ತಿರುಗಿ ಕೇಳುವುದಿಲ್ಲ. ಐವತ್ತು ಕಿಲೋ ಮೂಟೆಯ ಲೆಕ್ಕದಲ್ಲಿ, ಸಿಪ್ಪೆ ಬಿಡಿಸಿ ಒಣಗಿಸಿದ ಕಾಫಿ ಪಾರ್ಚ್‌ಮೆಂಟಿಗೆ ಒಂದು ಅಂಕಿ, ಸಿಪ್ಪೆಸಮೇತ ಒಣಗಿಸಿದ ಚೆರಿಗೆ ಒಂದು ಅಂಕಿ, ಉತ್ತರ ಮುಗಿಯಿತು. ಅರೇಬಿಕಾದ ಅಂಕಿ ಹುಟ್ಟುವುದು ನ್ಯೂಯಾರ್ಕಿನಲ್ಲಿ, ರೊಬಸ್ಟಾದ್ದು ಲಂಡನ್ನಿನಲ್ಲಿ. ಅಲ್ಲಿಂದ ಹೊರಟು ಚಿಕ್ಕಮಗಳೂರಿನ ವ್ಯಾಪಾರಿಯ ಅಂಗಡಿಗೆ ಬಂದು, ಮುತ್ತೋಡಿ ಕಾಡಿನ ಕಡೆಗೆ ಹೋಗುವ ಈ ರಸ್ತೆಯ ಟೀ ಅಂಗಡಿ ಬೆಂಚಿನ ಮೇಲೆ ಅದು ಕಾಲು ಚಾಚಿ ಕೂರುತ್ತದೆ. ಕಾಫಿ ಬೆಳೆಯುವ ಊರಿನಲ್ಲೂ ಜನ ಕೂತು ಕುಡಿಯುವುದು ಹೆಚ್ಚಾಗಿ ಟೀಯನ್ನೇ ಎಂಬುದು ಬೇರೆ ಮಾತು.

ಅದೇ ಊರುಗಳಲ್ಲಿ ಇನ್ನೊಂದು ಪದವೂ ಓಡಾಡುತ್ತದೆ: ಮೌಲ್ಯ. ಕಾಫಿ ಬೀಜವನ್ನು ಹುರಿದು, ಪುಡಿ ಮಾಡಿ, ಪೊಟ್ಟಣ ಕಟ್ಟಿ ಮಾರಿದರೆ ಅದು ಮೌಲ್ಯವರ್ಧನೆ. ಶಾಲೆಯಲ್ಲಿ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದರೆ ಮೌಲ್ಯಶಿಕ್ಷಣ. ಅದೇ ಮಕ್ಕಳ ಉತ್ತರಪತ್ರಿಕೆ ತಿದ್ದಿದರೆ ಮೌಲ್ಯಮಾಪನ. ಸಭೆಯಲ್ಲಿ ಹಿರಿಯರ ಕೈಗೆ ಮೈಕು ಸಿಕ್ಕಿದರೆ ಮೌಲ್ಯಗಳ ಕುಸಿತ. ಒಂದೇ ಪದ ಅಂಗಡಿಗೂ ಆಯಿತು, ಆತ್ಮಕ್ಕೂ ಆಯಿತು. ಇದು ಕನ್ನಡದ ಬಡತನವೇನಲ್ಲ. ಸಂಸ್ಕೃತದ ಮೂಲ್ಯ ಎಂದರೆ ಬೆಲೆ, ಕ್ರಯ. ನಮ್ಮ ಮೌಲ್ಯ ಅದರ ಒಡಹುಟ್ಟು. ಯುರೋಪಿನಲ್ಲೂ ಆದದ್ದು ಹೀಗೆಯೇ. ಅರ್ಥಶಾಸ್ತ್ರದವರು ಸಾಮಾನಿನ ಬೆಲೆಗೆ ಬಳಸುತ್ತಿದ್ದ ಪದವನ್ನು ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಹೆರ್ಮನ್ ಲೋಟ್ಸೆಯಂಥವರು ತತ್ತ್ವಶಾಸ್ತ್ರದೊಳಕ್ಕೆ ತಂದರು. ನೀತ್ಸೆ ಅದನ್ನು ಲೋಕಪ್ರಸಿದ್ಧ ಮಾಡಿದ. ಅಲ್ಲಿಯವರೆಗೆ ಸದ್ಗುಣ, ಕರ್ತವ್ಯ, ಒಳಿತು ಎಂದೆಲ್ಲ ಹೇಳುತ್ತಿದ್ದ ಜಾಗದಲ್ಲಿ ಜನ ಮೌಲ್ಯಗಳು ಎನ್ನತೊಡಗಿದರು. ನಮ್ಮಲ್ಲೂ ನೀತಿ, ನಡತೆ, ಮಾನ, ಧರ್ಮ ಎಂಬ ಬಿಡಿ ಬಿಡಿ ಮಾತುಗಳಿದ್ದವು, ಒಂದೊಂದಕ್ಕೂ ಒಂದೊಂದು ಚಹರೆ. ಈಗ ಎಲ್ಲವೂ ಒಂದೇ ಮೂಟೆಯೊಳಗೆ.

ಮೌಲ್ಯ ಎಂದು ಬಾಯಲ್ಲಿ ಬಂದ ಕೂಡಲೇ ತಕ್ಕಡಿಯೂ ಹಿಂದೆಯೇ ಬರುತ್ತದೆ. ‘ನಿಮ್ಮ ಮೌಲ್ಯ ನಿಮಗೆ, ನಮ್ಮ ಮೌಲ್ಯ ನಮಗೆ’ ಎನ್ನಬಹುದು, ಒಂದನ್ನು ಕೊಟ್ಟು ಇನ್ನೊಂದನ್ನು ತೆಗೆದುಕೊಳ್ಳಬಹುದು. ‘ನಿಮ್ಮ ನಡತೆ ನಿಮಗೆ, ನಮ್ಮ ನಡತೆ ನಮಗೆ’ ಎಂದು ಅಷ್ಟೇ ಸಲೀಸಾಗಿ ಹೇಳಲು ನಾಲಗೆ ಏಳುವುದಿಲ್ಲ. 1785ರಲ್ಲಿಯೇ ಇಮ್ಯಾನುಯೆಲ್ ಕಾಂಟ್ ಈ ಅಪಾಯದ ಹತ್ತಿರ ಒಂದು ಗೆರೆ ಎಳೆದಿಟ್ಟಿದ್ದ. ಕೆಲವಕ್ಕೆ ಬೆಲೆ ಇರುತ್ತದೆ, ಅವುಗಳ ಜಾಗಕ್ಕೆ ಸಮಾನವಾದ ಇನ್ನೊಂದನ್ನು ತಂದಿಡಬಹುದು. ಕೆಲವಕ್ಕೆ ಬೆಲೆ ಇಲ್ಲ, ಘನತೆ ಇದೆ, ಅವಕ್ಕೆ ಬದಲಿ ಇಲ್ಲ ಎಂಬುದು ಅವನ ವಿಚಾರದ ಸಾರ. ಕನ್ನಡ ಇಲ್ಲಿ ಕಾಂಟನಿಗೂ ಸ್ವಲ್ಪ ತಕರಾರು ತೆಗೆಯುತ್ತದೆ. ನಮ್ಮಲ್ಲಿ ಮೂಟೆಗೂ ಬೆಲೆ ಇದೆ, ಮಾತಿಗೂ ಬೆಲೆ ಇದೆ. ಆದರೆ ಮಾತಿಗೆ ಬೆಲೆ ಇರುವ ಮನುಷ್ಯ ಅದನ್ನು ಮಾರಿದ ಗಳಿಗೆಯಲ್ಲೇ ಆ ಬೆಲೆ ಹೋಗಿಬಿಡುತ್ತದೆ. ಮೂಟೆಯ ಬೆಲೆ ಮಾರಿದಾಗ ಕೈಗೆ ಸಿಕ್ಕುತ್ತದೆ. ಒಂದೇ ಪದ, ಎರಡು ತಲೆಕೆಳಗಾದ ಲೆಕ್ಕ.

ಕಾಫಿ ಸೀಮೆಗೆ ಈ ಲೆಕ್ಕದ ತಲೆಬಿಸಿ ಹತ್ತಿಕೊಂಡ ಕಾಲವನ್ನು ಹೆಚ್ಚುಕಡಿಮೆ ಗುರುತು ಹಾಕಿ ತೋರಿಸಬಹುದು. 1940ರ ದಶಕದಿಂದ ಐವತ್ತು ವರ್ಷ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಹರಾಜು ಹಾಕುವವರು ಮಂಡಳಿಯವರು. ದುಡ್ಡು ಕಂತುಕಂತಾಗಿ ಬರುತ್ತಿತ್ತು. ಬೈದುಕೊಳ್ಳುವವರು ಬೈದುಕೊಳ್ಳುತ್ತಿದ್ದರು, ಆದರೆ ದಿನಾ ಬೆಳಗಾದರೆ ರೇಟು ಕೇಳುವ ಕಾಯಿಲೆ ಇರಲಿಲ್ಲ. 1990ರ ದಶಕದಲ್ಲಿ ಹಂತಹಂತವಾಗಿ ಬಾಗಿಲು ತೆರೆದು, 1996ರ ಹೊತ್ತಿಗೆ ಬೆಳೆಗಾರ ತನ್ನ ಇಡೀ ಫಸಲನ್ನು ತಾನೇ ಮಾರುವಂತಾದ. ನಡುವೆ 1994ರಲ್ಲಿ ಬ್ರೆಜಿಲ್‌ನ ತೋಟಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿತು. ಅಲ್ಲಿನ ಗಿಡ ಕರಕಲಾದಂತೆ ಇಲ್ಲಿನ ರೇಟು ಮುಗಿಲಿಗೆ ಏರಿತು. ಹೆಂಚಿನ ಮನೆಗಳ ಪಕ್ಕದಲ್ಲಿ ತಾರಸಿ ಮನೆಗಳು ಎದ್ದವು, ಜೀಪಿನ ಜಾಗಕ್ಕೆ ಕಾರು ಬಂತು. ಐದಾರು ವರ್ಷದಲ್ಲಿ ರೇಟು ಪಾತಾಳಕ್ಕೆ ಇಳಿದು ಸಾಲ ಮಾಡಿದವರು ಕೈ ಹೊಸೆದುಕೊಂಡದ್ದೂ ಇದೇ ತೋಟಗಳಲ್ಲೇ. ಎರಡು ಸಲವೂ ಬೆಳೆಗಾರನ ಕೈಕೆಲಸ ಇದ್ದಂತೆಯೇ ಇತ್ತು. ಅದೇ ಮರಗಸಿ, ಅದೇ ಚಿಗುರು ತೆಗೆಯುವುದು, ಹೂಮಳೆಗಾಗಿ ಅದೇ ಆಕಾಶ ನೋಡುವುದು. ಕೆಲಸ ಬದಲಾಗದೆ ಅದರ ಬೆಲೆ ಮಾತ್ರ ಹತ್ತು ಪಟ್ಟು ಕುಣಿಯುವಾಗ ‘ಚೆನ್ನಾಗಿ ಮಾಡಿದ ಕೆಲಸ’ ಎಂಬ ಮಾತಿಗೆ ಏನು ಅರ್ಥ ಉಳಿಯುತ್ತದೆ?

ಈ ಪ್ರಶ್ನೆಯನ್ನು ಹತ್ತಿರದಿಂದ ನೋಡಬೇಕಾದರೆ ಕೊಯ್ಲಿನ ದಿನಗಳಲ್ಲಿ ಒಂದು ಅರೇಬಿಕಾ ತೋಟಕ್ಕೆ ಹೋಗಬೇಕು. ಅರೇಬಿಕಾ ಹಣ್ಣು ಒಂದೇ ಸಲಕ್ಕೆ ಮಾಗುವುದಿಲ್ಲ. ಒಂದೇ ಗೊಂಚಲಿನಲ್ಲಿ ಕಡುಗೆಂಪು ಹಣ್ಣು, ಅರೆಗೆಂಪು, ಹಸಿರು ಕಾಯಿ, ಒಣಗಿ ಕಪ್ಪಾದದ್ದು ಒತ್ತೊತ್ತಾಗಿ ಕೂತಿರುತ್ತವೆ. ಹಣ್ಣನ್ನಷ್ಟೇ ಬೆರಳತುದಿಯಲ್ಲಿ ತಿರುಚಿ ಬಿಡಿಸಬೇಕು. ಎಳೆದು ಕಿತ್ತರೆ ಗೆಣ್ಣು ಗಾಯವಾಗುತ್ತದೆ, ಮುಂದಿನ ವರ್ಷದ ಹೂವಿನ ಜಾಗ ಹಾಳಾಗುತ್ತದೆ. ಹಸಿ ಕಾಯಿ ಸೇರಿದರೆ ಪಲ್ಪರ್‌ನಲ್ಲಿ ಸರಿಯಾಗಿ ಸಿಪ್ಪೆ ಬಿಡುವುದಿಲ್ಲ, ಕಪ್ಪಿನಲ್ಲಿ ಒಗರು. ‘ಹಣ್ಣು ಮಾತ್ರ ಕುಯ್ರಮ್ಮ, ಕಾಯಿ ಮುಟ್ಟಬೇಡಿ’ ಎಂದು ಮೇಸ್ತ್ರಿ ಬೆಳಗಿನಿಂದ ಕೂಗುತ್ತಲೇ ಇರುತ್ತಾನೆ. ಆದರೆ ಕೂಲಿ ಕಟ್ಟಿರುವುದು ಕಿಲೋ ಲೆಕ್ಕದಲ್ಲಿ. ಇಡೀ ಕೊಂಬೆಯನ್ನು ಮುಷ್ಟಿಯಲ್ಲಿ ಹಿಡಿದು ಸರ್ರನೆ ಎಳೆದವಳ ಬುಟ್ಟಿ ಮಧ್ಯಾಹ್ನಕ್ಕೇ ತುಂಬುತ್ತದೆ. ಹಣ್ಣು ನೋಡಿ ನೋಡಿ ಬಿಡಿಸಿದವಳು ಸಂಜೆ ತೂಕದ ಹತ್ತಿರ ಹಿಂದೆ ಬೀಳುತ್ತಾಳೆ. ರೈಟರ ಪುಸ್ತಕದಲ್ಲಿ ಕಿಲೋ ಬರೆಯಲು ಒಂದು ಕಲಂ ಇದೆ. ಗಾಯವಾಗದ ಗೆಣ್ಣುಗಳಿಗೆ ಕಲಂ ಇಲ್ಲ.

ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ತತ್ತ್ವಜ್ಞಾನಿ ಅಲಾಸ್ಡೇರ್ ಮ್ಯಾಕಿಂಟೈರ್ 1981ರಲ್ಲಿ ಪ್ರಕಟಿಸಿದ ‘ಆಫ್ಟರ್ ವರ್ಚ್ಯೂ’ ಎಂಬ ಪುಸ್ತಕದಲ್ಲಿ ಇದೇ ಸಂಗತಿಯನ್ನು ಚದುರಂಗದ ಉದಾಹರಣೆಯಿಂದ ವಿವರಿಸುತ್ತಾನೆ. ಮಗುವಿಗೆ ಆಟ ಕಲಿಸಲು ಮಿಠಾಯಿಯ ಆಸೆ ತೋರಿಸುತ್ತೀರಿ, ಗೆದ್ದರೆ ಇನ್ನೊಂದಷ್ಟು. ಮಿಠಾಯಿಯೊಂದೇ ಗುರಿ ಆಗಿರುವ ತನಕ ಆ ಮಗು ಮೋಸ ಮಾಡದೆ ಇರಲು ಕಾರಣವೇ ಇಲ್ಲ. ಆಟದ ಒಳಗಿನ ರುಚಿ ಹತ್ತಿದ ದಿನ ಮೋಸ ಮಾಡಿದರೆ ಸೋಲುವವನು ಎದುರಾಳಿಯಲ್ಲ, ತಾನೇ ಎಂದು ಅದಕ್ಕೆ ಗೊತ್ತಾಗುತ್ತದೆ. ಕಸುಬಿನ ಒಳಗಿನ ಒಳಿತು ಬೇರೆ, ಹೊರಗಿನ ಲಾಭ ಬೇರೆ ಎಂಬ ಈ ಭೇದವನ್ನು ಆಧುನಿಕ ಸಮಾಜ ಮರೆತಿದೆ. ಆದ್ದರಿಂದಲೇ ನೀತಿಯ ಚರ್ಚೆಗಳು ಕೊನೆಮೊದಲಿಲ್ಲದ ಕೂಗಾಟ ಆಗಿವೆ ಎಂಬುದು ಅವನ ದೂರು. ಕೊಯ್ಲಿನ ಹೆಂಗಸಿಗೆ ಇದನ್ನು ಹೇಳಿದರೆ ಅವಳು ನಗಬಹುದು. ಒಳಗಿನ ಒಳಿತು ಅವಳಿಗೂ ಗೊತ್ತು, ಯಾವ ಹಣ್ಣು ಯಾವ ಹದದಲ್ಲಿದೆ ಎಂದು ಮುಟ್ಟಿದ ಬೆರಳಿಗೇ ತಿಳಿಯುತ್ತದೆ. ಆದರೆ ಗಿಡ ಅವಳದಲ್ಲ, ಮುಂದಿನ ವರ್ಷ ಅವಳು ಇದೇ ತೋಟಕ್ಕೆ ಬರುತ್ತಾಳೆ ಎಂಬ ಖಾತ್ರಿಯೂ ಇಲ್ಲ. ಯಾರದೋ ಗಿಡದ ನಾಳೆಯನ್ನು ತನ್ನ ಇವತ್ತಿನ ಕೂಲಿ ಕಳೆದುಕೊಂಡು ಅವಳೇ ಯಾಕೆ ಕಾಪಾಡಬೇಕು? ಮ್ಯಾಕಿಂಟೈರನ ವಾದ ಎಡವುವುದು ಇಲ್ಲಿ. ತೋಟ ಯಾರದು ಎಂದು ಕೇಳದೆ ಕಸುಬಿನ ಒಳಿತಿನ ಬಗ್ಗೆ ಮಾತಾಡುವುದು ಸುಲಭ.

ತೋಟ ಯಾರದು ಎಂಬ ಪ್ರಶ್ನೆ ಬಂದರೆ ಋಣದ ಮಾತೂ ಬರುತ್ತದೆ. ನೀತ್ಸೆ 1887ರಲ್ಲಿ ನೀತಿಯ ವಂಶಾವಳಿಯನ್ನು ಬರೆಯುತ್ತ ಜರ್ಮನ್ ಭಾಷೆಯಲ್ಲಿ ಅಪರಾಧಕ್ಕೂ ಸಾಲಕ್ಕೂ ಇರುವುದು ಒಂದೇ ಪದಮೂಲ ಎಂದು ತೋರಿಸಿದ. ಮನಸ್ಸಾಕ್ಷಿ ಎಂದು ನಾವು ಪೂಜಿಸುವುದು ಒಂದು ಕಾಲದ ಸಾಲಗಾರನ ಅಂಜಿಕೆ. ಕೊಡುವ–ಕೊಳ್ಳುವ ಸಂಬಂಧ ಮನುಷ್ಯ ಮನುಷ್ಯರ ನಡುವಿನ ಅತ್ಯಂತ ಹಳೆಯ ಸಂಬಂಧ ಎಂಬುದು ಅವನ ವಾದ. ಕನ್ನಡದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಅನ್ನದ ಋಣ, ನೀರಿನ ಋಣ, ಮಣ್ಣಿನ ಋಣ. ಊರು ಬಿಡುವವನು ‘ಇಲ್ಲಿನ ಋಣ ತೀರಿತು’ ಎನ್ನುತ್ತಾನೆ. ಆ ಋಣ ತೀರಿಸಿ ಮುಗಿಸುವಂಥದ್ದಲ್ಲ, ತೀರುವಂಥದ್ದು. ವ್ಯಾಕರಣದಲ್ಲೇ ವ್ಯತ್ಯಾಸ ಇದೆ. ಕೇಳಲು ಬಹಳ ಚೆಂದ. ಆದರೆ ಇದೇ ಚೆಂದದ ಮಾತು ಮಲೆನಾಡಿನಲ್ಲಿ ಎಷ್ಟು ಜನರ ಕಾಲಿಗೆ ಹಗ್ಗವಾಗಿತ್ತು ಎಂಬುದನ್ನೂ ಹೇಳಬೇಕು. ‘ನಮ್ಮ ಮನೆಯ ಅನ್ನ ಉಂಡವನು’ ಎಂಬ ಒಂದು ವಾಕ್ಯದಲ್ಲಿ ತಲೆಮಾರುಗಳ ಜೀತ ನಡೆದಿದೆ. ಜೀತ ಪದ್ಧತಿ ಕಾನೂನಿನ ಪ್ರಕಾರ ರದ್ದಾದದ್ದು 1976ರಷ್ಟು ಈಚೆಗೆ. ಕಾಫಿ ತೋಟಕ್ಕೆ ಘಟ್ಟದ ಕೆಳಗಿನಿಂದ ಆಳು ತರುತ್ತಿದ್ದ ಮೇಸ್ತ್ರಿ ಕೈಗೆ ಮುಂಗಡ ಕೊಟ್ಟೇ ಕರೆತರುತ್ತಿದ್ದ. ಮುಂಗಡ ಎಂಬುದು ಋಣದ ಹೊಸ ಹೆಸರು, ಅಷ್ಟೇ.

ಶಿವರಾಮ ಕಾರಂತರ ಕಾದಂಬರಿ ‘ಚೋಮನ ದುಡಿ’ ಪ್ರಕಟವಾದದ್ದು 1933ರಲ್ಲಿ. ಅಲ್ಲಿಯೂ ಸಾಲ ತೀರಿಸಲು ದಲಿತ ಜೀತಗಾರ ಚೋಮನ ಮಕ್ಕಳು ಘಟ್ಟ ಹತ್ತಿ ಹೋಗುವುದು ಕಾಫಿ ತೋಟಕ್ಕೇ. ಒಬ್ಬ ಮಗ ಜ್ವರ ಹಿಡಿದು ಸಾಯುತ್ತಾನೆ. ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನು ಕಟ್ಟಿಕೊಂಡು ಮತ ಬದಲಿಸುತ್ತಾನೆ. ಕಾಫಿ ತೋಟ ಒಬ್ಬನನ್ನು ಕೊಂದಿತು, ಒಬ್ಬನನ್ನು ಚೋಮನ ಜಾತಿಯಿಂದ ಬಿಡಿಸಿತು. ಆಧುನಿಕತೆಯನ್ನು ಬರೀ ಬೈಯುವವರೂ ಬರೀ ಹೊಗಳುವವರೂ ಈ ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಮಾತ್ರ ನೆನೆಯುತ್ತಾರೆ. ಚೋಮನಿಗೆ ಬೇಕಿದ್ದದ್ದು ಒಂದು ತುಂಡು ಗದ್ದೆ. ಅದನ್ನು ಕೊಡದೆ ಇದ್ದದ್ದು ಮಾರುಕಟ್ಟೆಯ ಮೌಲ್ಯವಲ್ಲ, ಅಜ್ಜನ ಕಾಲದ ಕಟ್ಟುಪಾಡು. ಕೂಲಿಯ ದುಡ್ಡಿಗೆ ಜಾತಿ ಇಲ್ಲ, ಅಂಗಡಿಯವನಿಗೆ ಕೊಟ್ಟರೆ ಸಾಮಾನು ಸಿಕ್ಕುತ್ತದೆ ಎಂಬ ಸಣ್ಣ ಸ್ವಾತಂತ್ರ್ಯವನ್ನು ಮೊದಲು ಕಂಡವರು ಅದಕ್ಕೆ ಕೊಡುವ ಬೆಲೆಯೇ ಬೇರೆ. ಮೌಲ್ಯಗಳ ಕುಸಿತದ ಭಾಷಣ ಮಾಡುವ ಹಿರಿಯರು ಸಾಮಾನ್ಯವಾಗಿ ಜಗಲಿಯ ಮೇಲೆ ಕೂತಿದ್ದವರ ಮೊಮ್ಮಕ್ಕಳು. ಅಂಗಳದಲ್ಲಿ ನಿಂತಿದ್ದವರ ಮೊಮ್ಮಕ್ಕಳು ಆ ಭಾಷಣ ಮಾಡಿದ್ದು ಅಪರೂಪ.

ಹಾಗೆಂದು ಆಧುನಿಕ ನ್ಯಾಯವೂ ಎಲ್ಲ ಬೇಲಿ ದಾಟಲಿಲ್ಲ. ಉಳುವವನೇ ಒಡೆಯ ಎಂದು 1974ರಲ್ಲಿ ಕರ್ನಾಟಕದ ಭೂಸುಧಾರಣೆ ಗೇಣಿ ಗದ್ದೆಗಳ ಚಿತ್ರ ಬದಲಿಸಿತು. ಆದರೆ ಭೂಮಿತಿಯ ಲೆಕ್ಕದಿಂದ ಕಾಫಿಯಂಥ ಪ್ಲಾಂಟೇಷನ್ ಬೆಳೆಗಳನ್ನು ಹೊರಗಿಡಲಾಯಿತು. ಸಮಾನತೆ ಎಂಬ ಮೌಲ್ಯ ಗದ್ದೆಯ ಬದುವಿನ ತನಕ ಬಂದು, ತೋಟದ ತಂತಿಬೇಲಿಯ ಹತ್ತಿರ ಚಪ್ಪಲಿ ಕಳಚಿ ನಿಂತಿತು.

ಹಿಂದಿನ ಜಗಲಿಗೂ ಹಿಂದಿರುಗದೆ, ಇಂದಿನ ತಕ್ಕಡಿಗೂ ತಲೆಬಾಗದೆ ನಿಲ್ಲುವುದು ಹೇಗೆ ಎಂಬ ಪ್ರಶ್ನೆಯನ್ನು ಈ ಗುಡ್ಡಗಳಲ್ಲಿ ಬಾಳಿನ ಪ್ರಯೋಗವಾಗಿಯೇ ಎತ್ತಿಕೊಂಡವರು ಲೇಖಕ ಪೂರ್ಣಚಂದ್ರ ತೇಜಸ್ವಿ. ಮೈಸೂರಿನಲ್ಲಿ ಎಂ.ಎ. ಮುಗಿಸಿ ನೌಕರಿ ಹುಡುಕುವ ಬದಲು ಮೂಡಿಗೆರೆಗೆ ಬಂದು ತೋಟಕ್ಕಿಳಿದರು. 1966ರಲ್ಲಿ ರಾಜೇಶ್ವರಿಯವರೊಂದಿಗೆ ಮದುವೆಯಾದಾಗ ತಂದೆ ಕುವೆಂಪು ಅದಕ್ಕಾಗಿ ‘ಮಂತ್ರಮಾಂಗಲ್ಯ’ವನ್ನು ರೂಪಿಸಿದರು. ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ವಧೂವರರು ತಾವೇ ಅರ್ಥ ತಿಳಿದು ಹೇಳುವ ಮಾತುಗಳಿವೆ. ಹಳೆಯ ಮಂತ್ರವನ್ನು ಪೂರ್ತಿ ಎಸೆಯಲಿಲ್ಲ, ಅರ್ಥವಾಗದ್ದನ್ನು ಹೇಳಲಿಲ್ಲ. ಆ ಮದುವೆಯಲ್ಲಿ ಖರ್ಚಿನ ಲೆಕ್ಕ ಹಾಕಲು ಏನೂ ಇರಲಿಲ್ಲ ಎಂಬುದೇ ಅದರ ವಿಮರ್ಶೆ. ಕಾಫಿ ರೇಟು ಏರಿದ ವರ್ಷಗಳಲ್ಲಿ ಇದೇ ಸೀಮೆಯ ಮದುವೆಗಳು ಎಷ್ಟು ದೊಡ್ಡ ಛತ್ರ ಹುಡುಕಿದವು ಎಂಬುದನ್ನು ನೆನೆದರೆ ಆ ಪ್ರಯೋಗದ ಧೈರ್ಯ ಇನ್ನೂ ಸ್ಪಷ್ಟವಾಗುತ್ತದೆ. 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ಅವರು ನವ್ಯ ಸಾಹಿತ್ಯದ ಜಾಡು ಬಿಟ್ಟು ಹೊಸ ದಿಕ್ಕು ಹಿಡಿಯಬೇಕೆಂದಾಗ ತಮ್ಮನ್ನು ರೂಪಿಸಿದವರೆಂದು ನೆನೆದದ್ದು ಲೋಹಿಯಾ, ಕುವೆಂಪು, ಕಾರಂತರನ್ನು. ಮೂವರೂ ಸಂಪ್ರದಾಯವನ್ನು ಬೈದವರು, ಮೂವರೂ ಪಶ್ಚಿಮದ ನಕಲನ್ನೂ ಬೈದವರು.

ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯ ಮಂದಣ್ಣನನ್ನು ನೋಡಿ. 1980ರಲ್ಲಿ ಬಂದ ಪುಸ್ತಕ. ಊರಿನ ಲೆಕ್ಕದಲ್ಲಿ ಅವನು ಪೋಲಿ, ಕಳ್ಳಭಟ್ಟಿ ಕೇಸಿಗೆ ಸಿಕ್ಕಿಹಾಕಿಕೊಂಡವನು. ಅವನ ಸ್ವಂತ ಲೆಕ್ಕದಲ್ಲಿ ಒಂದು ಪ್ಯೂನ್ ಕೆಲಸ ಸಿಕ್ಕಿದರೆ ಮದುವೆಗೆ ಹೆಣ್ಣು ಕೊಡುತ್ತಾರೆ, ಜನ್ಮ ಸಾರ್ಥಕ. ಜೇನಿನ ಬಗ್ಗೆ, ಹುಳದ ಬಗ್ಗೆ, ಹಾರುವ ಓತಿಯ ಬಗ್ಗೆ ಅವನಿಗಿರುವ ತಿಳಿವು ಅವನಿಗೇ ಲೆಕ್ಕಕ್ಕಿಲ್ಲ. ವಿಜ್ಞಾನಿ ಕರ್ವಾಲೊ ಒಬ್ಬರೇ ಅವನಲ್ಲಿ ಹುಟ್ಟು ನಿಸರ್ಗ ವಿಜ್ಞಾನಿಯನ್ನು ಕಾಣುತ್ತಾರೆ. ನಿರೂಪಕನಿಗಂತೂ ಇದು ತಮಾಷೆಯಂತೆ ತೋರುತ್ತದೆ. ಇಲ್ಲಿ ಕೆಟ್ಟವರು ಯಾರೂ ಇಲ್ಲ. ಹಳೆಯ ಊರೂ ಹೊಸ ಸರ್ಕಾರಿ ಕಚೇರಿಯೂ ಸೇರಿ ಮಾಡಿದ ತೂಕದ ಕಲ್ಲಿನಲ್ಲಿ ಮಂದಣ್ಣನಂಥವನು ತೂಗುವುದೇ ಇಲ್ಲ, ಅಷ್ಟೇ. ಅವರ ಇನ್ನೊಂದು ಕಾದಂಬರಿ ‘ಚಿದಂಬರ ರಹಸ್ಯ’ದಲ್ಲಿ ಈ ನಗು ಕಹಿಯಾಗಿದೆ. ಕೆಸರೂರು ಎಂಬ ಊರಿನಲ್ಲಿ ಏಲಕ್ಕಿ ಫಸಲು ಯಾಕೆ ಇಳಿಯುತ್ತಿದೆ ಎಂಬುದರಿಂದ ಹಿಡಿದು ಕ್ರಾಂತಿಯ ತನಕ ಒಬ್ಬೊಬ್ಬರೂ ಒಂದೊಂದರ ಬೆನ್ನು ಹತ್ತಿರುವಾಗ ಕೊನೆಗೆ ಬೆಂಕಿ ಬಂದು ಎಲ್ಲವನ್ನೂ ಸುತ್ತಿಕೊಳ್ಳುತ್ತದೆ. 1987ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಕಾದಂಬರಿಯ ಬೆಂಕಿ ಹಾಗಿರಲಿ. ಕಳಸದ ಆಚೆಗೆ ನಿಜವಾಗಿ ನಡೆದದ್ದು ಕಾದಂಬರಿಗಿಂತ ವಿಚಿತ್ರ. ಕುದುರೆಮುಖದ ಕಬ್ಬಿಣದ ಅದಿರಿಗಾಗಿ 1976ರಲ್ಲಿ ಕಂಪನಿ ಹುಟ್ಟಿತು. ಸಾಲ ಕೊಟ್ಟು ಅದಿರು ಕೊಳ್ಳಬೇಕಿದ್ದದ್ದು ಇರಾನ್. 1979ರಲ್ಲಿ ಅಲ್ಲಿನ ಷಾ ಓಡಿಹೋದ, ಒಪ್ಪಂದ ಮುರಿದುಬಿತ್ತು. ಗಣಿ ಮಾತ್ರ ನಿಲ್ಲಲಿಲ್ಲ. ಗುಡ್ಡ ಅಗೆದು, ಅದಿರನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿನ ಕಡಲಿಗೆ ಹರಿಸಿದರು. ಇದು ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಸೀಮೆ. ವರ್ಷಗಳ ಹೋರಾಟದ ಮೇಲೆ 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಗಣಿಗೆ 2005ರ ಕೊನೆಯ ಗಡುವು ವಿಧಿಸಿತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಇಲ್ಲಿಗೆ ಕಥೆ ಚೆನ್ನಾಗಿದೆ. ಆದರೆ 2002ರ ಅದೇ ಅಕ್ಟೋಬರ್‌ನ ಕೊನೆಯಲ್ಲಿ ಅದೇ ನ್ಯಾಯಾಲಯ ಅರಣ್ಯದ ಇನ್ನೊಂದು ಪ್ರಕರಣದಲ್ಲಿ, ಕಾಡನ್ನು ಬೇರೆ ಉದ್ದೇಶಕ್ಕೆ ಕೊಡುವುದಾದರೆ ವಸೂಲು ಮಾಡಬೇಕಾದ ನಿವ್ವಳ ಪ್ರಸ್ತುತ ಮೌಲ್ಯವನ್ನು ಒಪ್ಪಿತು: ಕಾಡಿನ ದಟ್ಟಣೆ ನೋಡಿ ಹೆಕ್ಟೇರಿಗೆ 5.80 ಲಕ್ಷದಿಂದ 9.20 ಲಕ್ಷ ರೂಪಾಯಿ. ಕಾಡನ್ನು ಪುಕ್ಕಟೆ ದೋಚುವುದನ್ನು ತಡೆಯಲು ಮಾಡಿದ ಲೆಕ್ಕ ಅದು, ಉದ್ದೇಶ ಒಳ್ಳೆಯದೇ. ಆದರೂ ಒಂದು ಕೈ ಈ ಗುಡ್ಡಕ್ಕೆ ಬದಲಿ ಇಲ್ಲ ಎಂದು ಬರೆಯುವಾಗ ಇನ್ನೊಂದು ಕೈ ಬದಲಿಗೆ ಎಷ್ಟು ಎಂದು ಬರೆಯುತ್ತಿತ್ತು. ಕಾಂಟ್ ಎಳೆದ ಗೆರೆಯ ಎರಡೂ ಕಡೆ ಒಂದೇ ನ್ಯಾಯಪೀಠ ಕಾಲಿಟ್ಟು ನಿಂತಂತಾಯಿತು.

ಮಲ್ಲಂದೂರಿನವರಿಗೆ ಇನ್ನೂ ಹತ್ತಿರದ ಪ್ರಶ್ನೆ ಮುತ್ತೋಡಿಯದು. 1951ರಲ್ಲಿ ಜಾಗರ ಕಣಿವೆಯ ಅಭಯಾರಣ್ಯವಾಗಿದ್ದದ್ದು 1974ರಲ್ಲಿ ಭದ್ರಾ ಅಭಯಾರಣ್ಯವಾಗಿ ಹಿಗ್ಗಿ, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಒಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಈ ಶತಮಾನದ ಆರಂಭದ ವರ್ಷಗಳಲ್ಲಿ ಹೊರಗೆ ಬಂದವು, ಹೆಚ್ಚಿನವರು ತರೀಕೆರೆ ಕಡೆಯ ಎಂ.ಸಿ. ಹಳ್ಳಿಗೆ, ಕೆಲವರು ಮೂಡಿಗೆರೆ ತಾಲ್ಲೂಕಿನ ಕೆಳಗೂರಿಗೆ. ದೇಶದಲ್ಲಿ ಚೆನ್ನಾಗಿ ನಡೆದ ಸ್ಥಳಾಂತರ ಎಂದು ವನ್ಯಜೀವಿ ತಜ್ಞರು ಇದನ್ನೇ ಉದಾಹರಿಸುತ್ತಾರೆ. ಹೋದವರಲ್ಲಿ ಬಹಳ ಜನ ತಾವಾಗಿಯೇ ಒಪ್ಪಿದ್ದರು. ಆನೆ ತುಳಿದ ಗದ್ದೆ, ದೂರದ ಆಸ್ಪತ್ರೆ, ಮಳೆಗಾಲದಲ್ಲಿ ಕಡಿದುಹೋಗುವ ದಾರಿ ಸಾಕಾಗಿತ್ತು. ಜಮೀನು ಸಿಕ್ಕಿತು, ಶಾಲೆ ಹತ್ತಿರವಾಯಿತು, ಹುಲಿಗೂ ಜಾಗ ಆಯಿತು. ಯಾವ ತಕ್ಕಡಿಗೆ ಹಾಕಿದರೂ ಇದು ಲಾಭದ ಲೆಕ್ಕ. ತಪ್ಪು ಹುಡುಕಲು ಹೋದವನು ಪೆಚ್ಚಾಗುತ್ತಾನೆ.

ಆದರೆ ಪರಿಹಾರದ ಪಟ್ಟಿ ಮಾಡುವಾಗ ಮನೆ, ಗದ್ದೆ, ಬಾವಿ, ಮಾವಿನ ಮರ, ಹಲಸಿನ ಮರ ಎಂದು ಒಂದೊಂದಾಗಿ ಬರೆಯಬೇಕಾಗುತ್ತದೆ. ಹಲಸಿನ ಮರಕ್ಕೆ ಎಷ್ಟು ಎಂದರೆ ಮನೆಯವರು ಒಂದು ಅಂಕಿ ಹೇಳಲೇಬೇಕು. ಹೇಳಿದರೆ ಮಾರಿದಂತೆ, ಹೇಳದಿದ್ದರೆ ಕಳೆದುಕೊಂಡಂತೆ. ಇಂಥ ಕಡೆ ಮಲೆನಾಡಿನ ಅಜ್ಜಿಯರು ಸಾಮಾನ್ಯವಾಗಿ ಅಂಕಿ ಹೇಳುವುದಿಲ್ಲ. ‘ಅದು ನಮ್ಮತ್ತೆ ನೆಟ್ಟಿದ್ದು, ನೀವೇ ಏನಾದರೂ ಬರ್ಕೊಳ್ಳಿ’ ಎಂದು ಒಳಗೆ ಹೋಗಿ, ಬರೆಯುವವರಿಗೆ ಕಾಫಿ ಕಾಸಲು ಒಲೆ ಹೊತ್ತಿಸುತ್ತಾರೆ.